ಕಾರಿಗೆ ಹುಣಸೆಹಣ್ಣು ತಿಕ್ಕಿದ ಬೇಸಿಗೆ

ಥಿನ್ನರ್ ವಾಸನೆ ಬಡಿದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು, ಆಮೇಲೆ ನೆನಪು. ಹೋದ ವಾರ ಹಿರಿಯೂರಿನ ಹತ್ತಿರ, ಹೆದ್ದಾರಿ ಪಕ್ಕದ ಟಿಂಕರಿಂಗ್ ಅಂಗಡಿಗಳ ಮುಂದೆ ಲಾರಿಯೊಂದು ಅಡ್ಡ ನಿಂತಿದ್ದರಿಂದ ಕಾರು ನಿಲ್ಲಿಸಬೇಕಾಯಿತು. ಕಿಟಕಿ ತೆರೆದಿತ್ತು. ಯಾರೋ ಒಂದು ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದರು. ಆ ಘಾಟು ಮೂಗಿಗೆ ಏರಿದ್ದೇ ತಡ, ಹೊಸದುರ್ಗದ ನಮ್ಮ ಮನೆಯ ಅಂಗಳಕ್ಕೆ, ಎರಡು ವರ್ಷದ ಹಿಂದಿನ ಆ ಹಾಳು ಬೇಸಿಗೆಗೆ ಹೋಗಿ ಬಿದ್ದೆ. ಹಿಂದಿನ ಗಾಡಿಯವನು ಹಾರನ್ ಬಾರಿಸಿದಾಗ ಕತ್ತು ಹೊರಗೆ ಹಾಕಿ ಅವನಿಗೂ ಬೈದೆ. ನನ್ನ ಬಾಯಿ ಅಂಥದ್ದು. ಆ ಬೇಸಿಗೆ ಕೆಟ್ಟದ್ದೂ ಈ ಬಾಯಿಯಿಂದಲೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆ ಇರುವುದು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಅಲ್ಲಿಗೆ ಒಂದೇ ಬಸ್ಸು, ಅದೂ ತನಗೆ ಮನಸ್ಸು ಬಂದಾಗ ಬರುವಂಥದ್ದು. ಆರು ವರ್ಷ ಆ ಬಸ್ಸಿನ ದಯೆಯಲ್ಲಿ ಬದುಕಿದೆ. ಪ್ರಾರ್ಥನೆ ಮುಗಿದ ಮೇಲೆ ಗೇಟಿನೊಳಗೆ ಕಾಲಿಟ್ಟರೆ ಹೆಡ್‌ಮಾಸ್ಟರು ಗಡಿಯಾರ ನೋಡುವರು, ಮಕ್ಕಳು ಹೆಡ್‌ಮಾಸ್ಟರ ಮುಖ ನೋಡುವರು, ನಾನು ನೆಲ ನೋಡಬೇಕು. ಸಾಕಾಯಿತು. ಚಿತ್ರದುರ್ಗದಲ್ಲಿ ಯಾರೋ ಮಾರಲು ಇಟ್ಟಿದ್ದ ಹಳೆಯ ಬಿಳಿ ಕಾರು ಕೊಂಡೆ, ಡ್ರೈವಿಂಗ್ ಕಲಿತೆ, ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಗಂಡ ರುದ್ರೇಶ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ, ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಅವನು ಕಾರು ನೋಡಿ "ಆಯ್ತು ಬಿಡು" ಅಂದ. ಅವನ ತಾಯಿ ಅನ್ನಲಿಲ್ಲ.

ನನ್ನ ಅತ್ತೆ ತಿಪ್ಪಮ್ಮ ಐಮಂಗಲದ ಕಡೆಯ ಕುರಿಗಾರರ ಮನೆಯ ಮಗಳು. ನೂರು ಕುರಿ ದೂರದಲ್ಲಿ ಹೋಗುತ್ತಿದ್ದರೂ ಅದರಲ್ಲಿ ಕುಂಟುವುದು ಯಾವುದು ಅಂತ ಹೇಳುವ ಕಣ್ಣು ಅವರದು. ಮದುವೆಯಾದ ದಿನದಿಂದ ಆ ಕಣ್ಣು ನನ್ನ ಮೇಲಿತ್ತು. ಕಾರು ಬಂದ ಮೇಲೆ ಕಾರಿನ ಮೇಲೂ ಬಿತ್ತು. ಮೊದಲ ಸಲ ಹತ್ತಿಸಿಕೊಂಡು ಹೊಳಲ್ಕೆರೆಗೆ ಹೋದಾಗ ದಾರಿಯಲ್ಲಿ ವಾಂತಿ ಮಾಡಿಕೊಂಡರು. ಸೀಟು ತೊಳೆಯಲು ನನಗೆ ಒಂದು ದಿನ ಹಿಡಿಯಿತು. ಅದಾದ ಮೇಲೆ ಅವರು ಹತ್ತುವ ಮುಂಚೆ ಸೀಟಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದೆ. ಎರಡನೇ ಸಲ ಹಾಸಿದಾಗ ಅವರು ಬಾಗಿಲು ಹಿಡಿದು ನಿಂತರು.

"ನಾನೇನು ಈದ ಕುರೀನ, ಹಾಳೆ ಹಾಸಾಕೆ?"

"ಸೀಟು ಹಾಳಾಗುತ್ತೆ ಅತ್ತೆ."

"ಹಂಗಾರೆ ಸೀಟನ್ನೇ ಕೂರಿಸ್ಕಂಡು ಹೋಗು" ಅಂದು ಒಳಗೆ ಹೋದರು. ಅಲ್ಲಿಂದ ಮೂರು ವರ್ಷ ಅವರು ಆ ಕಾರು ಹತ್ತಲಿಲ್ಲ. ನಾನೂ ಕರೆಯಲಿಲ್ಲ. ನನಗೇನು ನಷ್ಟ, ಒಬ್ಬಳೇ ಹಾಯಾಗಿ ಹೋಗುತ್ತಿದ್ದೆ.

ಆ ವರ್ಷ ಆಷಾಢಕ್ಕೆ ಕಾರಿಗೆ ಹದಿನೈದು ತುಂಬುತ್ತಿತ್ತು. ಮತ್ತೆ ನೋಂದಣಿಯಾಗಬೇಕಾದರೆ ಚಿತ್ರದುರ್ಗಕ್ಕೆ ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ತುಕ್ಕು ಕಂಡರೆ ತಿರುಗಿಸಿ ಕಳಿಸುತ್ತಾರೆ ಅಂತ ಎಲ್ಲರೂ ಹೆದರಿಸಿದರು. ತುಕ್ಕು ಇತ್ತು. ಬಾನೆಟ್ಟಿನ ಅಂಚಿನಲ್ಲಿ ಒಂದು ಕಡೆ, ಪ್ರತಿ ಆಯುಧಪೂಜೆಗೂ ಕುಂಕುಮ ಕಲಸಿ ಬೊಟ್ಟಿಟ್ಟು ವಾರಗಟ್ಟಲೆ ಬಿಟ್ಟ ಜಾಗದಲ್ಲಿ. ಹಿಂದಿನ ಎರಡು ಚಕ್ರಗಳ ಮೇಲಿನ ಕಮಾನಿನಲ್ಲಿ, ಕೆಸರು ಕೂತಲ್ಲಿ. ಡ್ರೈವರ್ ಬಾಗಿಲಿನ ತಳದಲ್ಲಿ, ನೀರು ಹೊರಗೆ ಹೋಗುವ ತೂತು ಚೆಂಡುಹೂವಿನ ಎಸಳಿನಿಂದ ಕಟ್ಟಿಕೊಂಡು. ಇವು ಸಾಲದು ಅಂತ ಎಡಗಡೆ ಉದ್ದಕ್ಕೆ ಒಂದು ಗೀರು. ಅದು ನಮ್ಮ ಗೇಟಿಗೆ ತಾಗಿದ್ದು. ಗೇಟು ಕಿರಿದು ಅಂತ ನಾನು ಹೇಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂತ ಅತ್ತೆ ಪಾತ್ರೆ ತಿಕ್ಕುತ್ತ ಪಾತ್ರೆಗೆ ಹೇಳುತ್ತಿದ್ದರು.

ಟಿಂಕರಿಂಗ್ ಅಂಗಡಿಗೆ ಒಯ್ದೆ. ಅಲ್ಲಿದ್ದವನು ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಅಂತ ನೋಡಿ, "ಸಾರ್ ಬರ್ಲಿ ಬಿಡ್ರಿ ಮೇಡಂ, ಅವ್ರ ಹತ್ರ ಮಾತಾಡ್ತೀನಿ" ಅಂದ. ಯಾವ ಸಾರ್? ಕಾರಿನ ಕಾಗದದಲ್ಲಿ ಇರುವುದು ನನ್ನ ಹೆಸರು. ಅಲ್ಲಿಂದಲೇ ಕಾರು ತಿರುಗಿಸಿಕೊಂಡು ಬಂದೆ. ಬೇಸಿಗೆ ರಜೆ ಮುಂದಿತ್ತು. ಎಮರಿ ಪೇಪರ್, ತಂತಿ ಬ್ರಷ್ಷು, ಪ್ರೈಮರ್, ಗುಂಡಿ ತುಂಬುವ ಪುಟ್ಟಿ, ಥಿನ್ನರ್, ಬಿಳಿ ಬಣ್ಣದ ಸ್ಪ್ರೇ ಡಬ್ಬಿ ಎಲ್ಲ ತಂದು ಜಗಲಿಯ ಮೇಲೆ ಜೋಡಿಸಿದೆ. ಫೋನಿನಲ್ಲಿ ವಿಡಿಯೋ ನೋಡಿದೆ. ರುದ್ರೇಶ ಶನಿವಾರ ಬಂದವನು ಜಗಲಿಯ ಮೇಲಿನ ಅಂಗಡಿ ನೋಡಿ ತಲೆ ಕೆರೆದುಕೊಂಡ.

"ಗುಜರಿಗೆ ಹಾಕಾಣ ಕಣೆ. ವರ್ಗಕ್ಕೆ ಅರ್ಜಿ ಹಾಕು, ಊರಿನ ಶಾಲೆಗೇ ಬಾ."

"ಹೌದಪ್ಪ, ಅದೇ ಸರಿ" ಅಂದರು ಅತ್ತೆ ಒಳಗಿನಿಂದ. "ಹೆಣ್ಣುಮಗಳು ಮನೆ ಹತ್ರ ಇದ್ರೆ ಚೆಂದ."

ತಾಯಿ ಮಗ ಒಂದಾಗಿದ್ದು ನೋಡಿ ನನಗೆ ಮೈ ಉರಿಯಿತು. ಕಾರು ಪಾಸಾಗದಿದ್ದರೆ ನಾನು ಮತ್ತೆ ಆ ಬಸ್ಸಿಗೆ ಕಾಯಬೇಕು, ನೆಲ ನೋಡಬೇಕು, ಈ ಇಬ್ಬರ ಮುಂದೆ ಸೋತು ಕೂರಬೇಕು. ಅದು ಕಾರಿನ ಮಾತಾಗಿ ಉಳಿದಿರಲಿಲ್ಲ. ಮರುದಿನದಿಂದಲೇ ಉಜ್ಜಲು ಕೂತೆ.

ಏಪ್ರಿಲ್ ಬಿಸಿಲು. ಹೊಸದುರ್ಗದಲ್ಲಿ ಆ ತಿಂಗಳು ಹತ್ತು ಗಂಟೆಗೇ ಅಂಗಳದ ಕಲ್ಲು ಕಾಲು ಸುಡುತ್ತದೆ. ತುಕ್ಕು ಎಂಥ ಕಳ್ಳ ಅಂತ ಆಗ ಗೊತ್ತಾಯಿತು. ಮೇಲೆ ಕಡಲೆಕಾಳಿನಷ್ಟು ಬೊಕ್ಕೆ ಕಾಣುತ್ತದೆ, ಚೂರಿಯ ತುದಿಯಲ್ಲಿ ಎಬ್ಬಿಸಿದರೆ ಬಣ್ಣದ ಕೆಳಗೆ ಅಂಗೈ ಅಗಲ ಹಬ್ಬಿರುತ್ತದೆ. ಬಣ್ಣ ಕೆರೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ಒರಟು ಎಮರಿಯಿಂದ ಶುರುಮಾಡಿ ನಯವಾದದ್ದಕ್ಕೆ ಬಂದು, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಬೆರಳ ತುದಿ ಸುಲಿದು ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಉಜ್ಜಿದೆ.

ಅತ್ತೆ ಜಗಲಿಯ ಇನ್ನೊಂದು ತುದಿಯಲ್ಲಿ ತಮ್ಮ ಬೇಸಿಗೆ ಕೆಲಸ ಹರಡಿಕೊಂಡಿದ್ದರು. ಅವರ ತವರಿನಿಂದ ವರ್ಷಕ್ಕೊಂದು ಚೀಲ ಹೊಸ ಹುಣಸೆಹಣ್ಣು ಬರುತ್ತದೆ. ಓಡು ಬಿಡಿಸಿ, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆದು, ನಾರು ಎಳೆದು, ಕಲ್ಲುಪ್ಪು ಹಾಕಿ ಮಿದ್ದು ಉಂಡೆ ಕಟ್ಟಿ ಗಡಿಗೆಗೆ ತುಂಬುತ್ತಾರೆ. ನಾನು ಒಂದು ಕಡೆ ಕರಕರ, ಅವರು ಒಂದು ಕಡೆ ಟಕಟಕ. ನಡುವೆ ಒಂದೊಂದು ಸಲ ತಲೆಯೆತ್ತಿ ನನ್ನ ಕೈ ನೋಡುತ್ತಿದ್ದರು. ಅಣಕಿಸಲು ನೋಡುತ್ತಾರೆ ಅಂತಲೇ ನಾನು ತಿಳಿದಿದ್ದೆ. ಒಮ್ಮೆ ಮಾತ್ರ ಕೇಳಿದರು.

"ಎಲ್ಲಾ ಹೋಗ್ಬೇಕಾ ಆ ಕೆಂಪು?"

"ಒಂದು ಚುಕ್ಕೆನೂ ಉಳೀಬಾರ್ದು. ಉಳಿದ್ರೆ ಕಾರು ಪಾಸಾಗಲ್ಲ. ನಿಮಗೆ ಅದೇ ಬೇಕಲ್ಲ" ಅಂದೆ.

ಅವರು ಬೀಜ ಕುಟ್ಟುವುದಕ್ಕೆ ತಿರುಗಿದರು.

ನಾಲ್ಕು ಜಾಗದಲ್ಲೂ ಬಹುಪಾಲು ಕಬ್ಬಿಣ ಬೆಳ್ಳಗಾಯಿತು. ತುಕ್ಕು ತಿಂದ ಗುಂಡಿಗಳ ತಳದಲ್ಲಿ ಅಲ್ಲಲ್ಲಿ ಕಂದು ಚುಕ್ಕೆ ಉಳಿದಿತ್ತು. ಅಷ್ಟರಲ್ಲಿ ಹತ್ತನೇ ತರಗತಿಯ ಪೇಪರ್ ತಿದ್ದಲು ಚಿತ್ರದುರ್ಗಕ್ಕೆ ಬಾ ಅಂತ ಕರೆ ಬಂತು. ಎರಡು ದಿನ. ಬಾಗಿಲ ಒಳಗಿನ ಹಲಗೆ ಬಿಚ್ಚಿಟ್ಟಿದ್ದರಿಂದ ಕಾರು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದೆ. ಹೋಗುವ ಮುಂಚೆ ಒಂದು ಕೋಟು ಪ್ರೈಮರ್ ಬಳಿದು ಹೋಗಬೇಕಿತ್ತು. ಬಂದ ಮೇಲೆ ಆ ಚುಕ್ಕೆಗಳನ್ನೂ ತೆಗೆದು ಒಟ್ಟಿಗೆ ಬಳಿದರಾಯಿತು ಅಂತ ಬಿಟ್ಟೆ. ಹಿಂದಿನ ಸಂಜೆ ಆಕಾಶ ಗುಡುಗಿದ್ದೂ ನನಗೆ ಕೇಳಿಸಿತ್ತು. ಬಂದರೆ ಬರಲಿ ನಾಲ್ಕು ಹನಿ, ಅಂದುಕೊಂಡೆ. ಇದನ್ನು ಇಲ್ಲಿ ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಎರಡನೇ ದಿನ ಸಂಜೆ ಐದರ ಹೊತ್ತಿಗೆ ಗೇಟು ತೆಗೆದೆ. ಕಾರಿನ ಬಾನೆಟ್ಟಿನ ಮೇಲೆ, ಚಕ್ರಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಎತ್ತಿ ನೋಡಿದೆ. ಕಪ್ಪನೆಯ ಹುಣಸೆಹಣ್ಣು ಮೆತ್ತಿಕೊಂಡಿತ್ತು, ನಡುನಡುವೆ ಕಲ್ಲುಪ್ಪಿನ ಹರಳು, ಮೇಲೆ ನೊಣ. ಒಂದು ಕಡೆ ಒರೆಸಿದೆ. ಎಂಟು ದಿನ ಬೆರಳು ಸುಲಿದುಕೊಂಡು ಬೆಳ್ಳಗೆ ಮಾಡಿದ ಕಬ್ಬಿಣ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಬಾಗಿಲ ತಳದಲ್ಲಿ ಹಣ್ಣಿನ ರಸ ಇಳಿದು ಒಳ್ಳೆಯ ಬಣ್ಣದ ಮೇಲೂ ಕಂದು ಗೆರೆ ಹರಿದಿತ್ತು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಅಂಗೈ ಎರಡೂ ಕಪ್ಪಗಾಗಿದ್ದವು. ಮುಖದಲ್ಲಿ ನಾನು ಅದುವರೆಗೆ ನೋಡದ ಏನೋ ಒಂದು ಇತ್ತು.

"ಏನು ಮಾಡಿದ್ರಿ ಇದಕ್ಕೆ?"

"ತಿಕ್ಕಿಟ್ಟೀನಿ. ನಿನ್ನೆಯಿಂದ ತಿಕ್ಕೀನಿ. ನೆನೀಲಿ ಅಂತ ಗೋಣಿ ಹೊದ್ಸೀನಿ. ಬೆಳಿಗ್ಗೆ ತೊಳೆದ್ರೆ ದೇವ್ರ ತಂಬಿಗೆ ಹಂಗೆ ಆಗ್ತೈತೆ ನೋಡು."

ನಮ್ಮ ಕಡೆ ಹಬ್ಬದ ಮುಂಚೆ ಹಿತ್ತಾಳೆ ತಾಮ್ರ ಹೀಗೇ ತಿಕ್ಕುವುದು. ಹುಣಸೆಹಣ್ಣು, ಉಪ್ಪು, ಒಂದಿಷ್ಟು ಹೊತ್ತು ನೆನೆಸಿದರೆ ದೀಪದ ಕಂಬ ಚಿನ್ನದ ಹಾಗಾಗುತ್ತದೆ. ಐವತ್ತು ವರ್ಷ ಅವರು ಮಾಡಿದ್ದು ಅದನ್ನೇ, ಅವರಿಗೆ ಲೋಹ ಅಂದರೆ ಅದೇ. ಇದು ನನಗೆ ಆ ಗಳಿಗೆಯಲ್ಲೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆದೆ.

"ಉಪ್ಪು! ಕಬ್ಬಿಣಕ್ಕೆ ಉಪ್ಪು ಹಾಕಿದ್ದೀರ! ಬೇಕಂತಲೇ ಮಾಡಿದ್ದೀರಿ. ಈ ಕಾರು ಕಂಡ್ರೆ ನಿಮಗೆ ಮೊದಲಿಂದ ಆಗಲ್ಲ, ನಾನು ಕಂಡ್ರೂ ಆಗಲ್ಲ. ನಾನು ಊರಲ್ಲಿ ಇಲ್ಲದ ಹೊತ್ತು ನೋಡಿ ಹಾಳು ಮಾಡಿದ್ರಿ."

"ಇಲ್ಲ ಕಣಮ್ಮ, ನಾನು…"

"ನಿಮ್ಮ ಕೈ ತಗುಲಿದ್ದೆಲ್ಲ ತುಕ್ಕು ಹಿಡಿಯುತ್ತೆ! ನಿಮ್ಮ ಮಗನಿಗೂ ಹಿಡಿದಿರೋದು ಅದೇ!"

ಐವತ್ತು ಮಕ್ಕಳ ಗದ್ದಲದ ಮೇಲೆ ಕೇಳಿಸುವಂತೆ ಪಳಗಿದ ಗಂಟಲು ನನ್ನದು. ಎದುರುಮನೆ ಶಾಂತಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಬೀದಿಯ ಆ ತುದಿಯವರೆಗೂ ಬಾಗಿಲುಗಳಲ್ಲಿ ಜನ ನಿಂತರು. ಅತ್ತೆ ಎದ್ದು ನಲ್ಲಿಗೆ ಹೋಗಿ ಕೈ ತೊಳೆದರು. ಅಂಗೈಯ ಬಿರುಕುಗಳಿಗೆ ಉಪ್ಪು ಇಳಿದು ಉರಿಯುತ್ತಿದ್ದಿರಬೇಕು, ಬಹಳ ಹೊತ್ತು ನೀರಿನ ಕೆಳಗೆ ಹಿಡಿದುಕೊಂಡಿದ್ದರು. ಆಮೇಲೆ ಒಳಗೆ ಹೋದರು.

ನನ್ನ ತಪ್ಪು ನನಗೆ ಗೊತ್ತಿರಲಿಲ್ಲವೇ? ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿವರ್ಷ ಮೂರು ಗಾಜಿನ ಕೊಳವೆಯಲ್ಲಿ ಮೂರು ಮೊಳೆ ಇಟ್ಟು ತೋರಿಸುವವಳು ನಾನು. ಗಾಳಿ ನೀರು ತಾಗಿದ ಬೋಳು ಕಬ್ಬಿಣ ಬಿಟ್ಟರೆ ಏನಾಗುತ್ತದೆ ಅಂತ ಕರಿಹಲಗೆಯ ಮೇಲೆ ಬರೆಸುವವಳು. ಬೋಳು ಕಬ್ಬಿಣವನ್ನು ಮಳೆಮೋಡದ ಕೆಳಗೆ ಎರಡು ದಿನ ಬಿಟ್ಟು ಹೋದದ್ದು ಯಾರು? ಉಪ್ಪು ಬೀಳದಿದ್ದರೂ ಅದು ಕೆಂಪಾಗುತ್ತಿತ್ತು, ಇಷ್ಟಲ್ಲದಿದ್ದರೆ ಇದರ ಕಾಲುಭಾಗ. ಚಿತ್ರದುರ್ಗದಲ್ಲಿ ಕೂತು ಇಂಥ ಪ್ರಶ್ನೆಗೆ ತಪ್ಪು ಉತ್ತರ ಬರೆದ ಮಕ್ಕಳಿಗೆ ಸೊನ್ನೆ ಹಾಕಿ ಬಂದಿದ್ದೆ. ಮನೆಗೆ ಬಂದು ನನ್ನ ಸೊನ್ನೆಯನ್ನು ಅತ್ತೆಗೆ ಕೊಟ್ಟೆ.

ಮರುದಿನದಿಂದ ಅತ್ತೆಯ ಯುದ್ಧ ಶುರುವಾಯಿತು. ಕೂಗಾಟವಿಲ್ಲದ ಯುದ್ಧ. ನನಗೆ ಸೇರಿದ ಯಾವುದನ್ನೂ ಅವರು ಮುಟ್ಟಲಿಲ್ಲ. ಹಾಲು ಉಕ್ಕಿ ಹರಿಯುತ್ತಿದ್ದರೂ ಅದು ನಾನಿಟ್ಟ ಹಾಲಾದರೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಪೇಟೆಗೆ ಹೋದಾಗ ಮಳೆ ಬಂತು. ಬಂದು ನೋಡಿದರೆ ತಂತಿಯ ಮೇಲೆ ಅವರ ಎರಡು ಸೀರೆ ಇಲ್ಲ, ನನ್ನ ಬಟ್ಟೆಯೆಲ್ಲ ತೊಟತೊಟ ಸುರಿಯುತ್ತಿವೆ.

"ತೆಗೀಬಾರ್ದಿತ್ತಾ?" ಅಂದೆ.

ಅವರು ಗೋಡೆಯ ಕಡೆ ತಿರುಗಿ, ಗೋಡೆಗೇ ಹೇಳಿದರು. "ನಾನು ಮುಟ್ಟಿದ್ರೆ ತುಕ್ಕು ಹಿಡಿತಾವಂತೆ."

ರುದ್ರೇಶ ಶನಿವಾರ ಬಂದರೆ ಅಡಕತ್ತರಿಗೆ ಸಿಕ್ಕ ಅಡಿಕೆಯಾಗುತ್ತಿದ್ದ. "ಒಂದು ಮಾತು ಹೇಳಿಬಿಡೆ, ತಪ್ಪಾಯ್ತು ಅಂತ" ಅಂತ ನನ್ನ ಕಿವಿಯಲ್ಲಿ ಹೇಳುವನು. "ನೀನು ಹೇಳು ನಿಮ್ಮಮ್ಮನಿಗೆ, ಕಾರು ಮುಟ್ಟಬಾರದಿತ್ತು ಅಂತ" ಅನ್ನುವೆ. ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತುತ್ತಿದ್ದ. ಗಾಳಿಯಂತ್ರದ ಗದ್ದಲವೇ ಅವನಿಗೆ ನೆಮ್ಮದಿ ಅನ್ನಿಸಿರಬೇಕು.

ನಾನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹುಳಿ, ಉಪ್ಪು ತೊಳೆದು, ಒಣಗಿಸಿ, ಮೊದಲಿನಿಂದ ಉಜ್ಜಿದೆ. ಈ ಸಲ ಒಂದು ಜಾಗ ಮುಗಿದ ಕೂಡಲೇ ಥಿನ್ನರಿನಿಂದ ಒರೆಸಿ ಪ್ರೈಮರ್ ಬಳಿದೆ. ಗುಂಡಿಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ನೀರು ಹಾಕಿಕೊಂಡು ನುಣ್ಣಗೆ ಉಜ್ಜಿದೆ. ಆಮೇಲೆ ಬಣ್ಣ. ಹೊಸದುರ್ಗದಲ್ಲಿ ಮೇ ಕೊನೆಯ ಹೊತ್ತಿಗೆ ಗಾಳಿ ಎದ್ದುಬಿಡುತ್ತದೆ. ಗುಡ್ಡದ ಮೇಲೆ ಸುಮ್ಮನೆ ಅಷ್ಟು ಯಂತ್ರ ನೆಟ್ಟಿಲ್ಲ. ಸ್ಪ್ರೇ ಹೊಡೆದರೆ ಅರ್ಧ ಪಕ್ಕದ ಮನೆಯ ಗೋಡೆಗೆ ಹೋಗುತ್ತದೆ. ಬೆಳಗಿನ ಜಾವ ಆರಕ್ಕೆ, ಗಾಳಿ ಇನ್ನೂ ಮಲಗಿದ್ದಾಗ ಹೊಡೆಯಬೇಕು. ಆರಕ್ಕೆ ಎದ್ದೆ. ಡಬ್ಬಿ ಅಲುಗಿಸಿದೆ. ಡಬ್ಬಿಯೊಳಗಿನ ಗೋಲಿ ಗಡಗಡ ಅಂದ ಸದ್ದಿಗೆ ಅತ್ತೆ ಪೊರಕೆ ಹಿಡಿದು ಹೊರಗೆ ಬಂದು, ನೀರು ಚಿಮುಕಿಸದೆ, ಅಂಗಳವನ್ನು ಒಣಒಣ ಗುಡಿಸತೊಡಗಿದರು. ಹಸಿ ಬಣ್ಣದ ಮೇಲೆ ಧೂಳು ರವೆ ಉದುರಿಸಿದ ಹಾಗೆ ಕೂತಿತು. ಇದು ಬೇಕಂತಲೇ ಮಾಡಿದ್ದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಒಣಗಿಸಿ, ಉಜ್ಜಿ, ಮಾರನೇ ದಿನ ಐದೂವರೆಗೆ ಎದ್ದೆ. ಅವರು ಐದೂಕಾಲಿಗೆ ಎದ್ದರು. ಮೂರನೇ ದಿನ ನಾನು ರಾತ್ರಿಯೇ ಪೊರಕೆ ಎತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಅವರು ಕಂಬಳಿ ತಂದು ಅಂಗಳದಲ್ಲಿ ನಿಂತು ಕೊಡವಿದರು. ಕುರಿಗಾರರ ಕರಿ ಕಂಬಳಿ, ಅದರಲ್ಲಿ ಎಷ್ಟು ವರ್ಷದ ಧೂಳಿತ್ತೋ ದೇವರಿಗೇ ಗೊತ್ತು. ನಾಲ್ಕನೇ ದಿನ ಸೋತು ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬಣ್ಣ ಹೊಡೆದೆ. ಅರ್ಧ ಗಂಟೆಯ ಮೇಲೆ ಚಿಲಕ ತೆಗೆದಾಗ ಅವರು ಬಾಗಿಲ ಹಿಂದೆಯೇ ನೆಲದ ಮೇಲೆ ಕೂತಿದ್ದರು. ನನ್ನ ಮುಖ ನೋಡದೆ ಎದ್ದು ಬಚ್ಚಲಿಗೆ ಹೋದರು. ಸ್ವಂತ ಮನೆಯಲ್ಲಿ ಅರವತ್ತೆಂಟು ವರ್ಷದ ಹೆಂಗಸನ್ನು ಕೂಡಿಹಾಕಿದ್ದೆ. ನಾಚಿಕೆಯಾಯಿತು. ಆದರೂ ಬಣ್ಣ ಚೆನ್ನಾಗಿ ಬಂದಿದೆಯಾ ಅಂತಲೇ ಮೊದಲು ನೋಡಿದೆ.

ಬಂದಿತ್ತು, ಒಂದು ಮಟ್ಟಕ್ಕೆ. ಹಳೆಯ ಬಿಳಿ ಹದಿನೈದು ವರ್ಷದ ಬಿಸಿಲಿಗೆ ಕೆನೆಯ ಬಣ್ಣಕ್ಕೆ ತಿರುಗಿತ್ತು. ಹೊಸ ಬಿಳಿ ಅದರ ಮೇಲೆ ವಿಭೂತಿ ಬಳಿದ ಹಾಗೆ ಎದ್ದು ಕಾಣುತ್ತಿತ್ತು. ಶಾಂತಕ್ಕ ನೋಡಲು ಬಂದರು. ಕಾರಿನ ಸುತ್ತ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು.

"ಚೆನ್ನಾಗೈತೆ ಬಿಡು. ಆದ್ರೂ ಆವತ್ತು ನೀನು ಹಂಗೆ ಅನ್ಬಾರ್ದಿತ್ತು ಕಣೇ."

"ಹಾಳು ಮಾಡಿದ್ದು ಅವರು ಶಾಂತಕ್ಕ."

"ಹಾಳು ಮಾಡಾಕೆ ಯಾರಾದ್ರೂ ಎರಡು ದಿನ ಬಿಸ್ಲಾಗೆ ಕುಂತು ತಿಕ್ತಾರಾ? ನಾನೇ ಕೇಳ್ದೆ, ಯಾಕಮ್ಮ ಈ ಬಿಸ್ಲಾಗೆ ಅಂತ. 'ಪಾಪ, ಒಬ್ಬಳೇ ಉಜ್ತಾಳೆ, ಬೆರಳೆಲ್ಲ ಸುಲಿದು ಹೋಗವೆ. ಅವಳು ಬರೋದ್ರಾಗೆ ಬೆಳ್ಳಗೆ ಮಾಡಿಡ್ತೀನಿ, ಕಾರು ಪಾಸಾಗ್ಲಿ' ಅಂತು ನಿಮ್ಮತ್ತೆ. ವರ್ಷದ ಹುಣಸೆಹಣ್ಣೆಲ್ಲ ಅದಕ್ಕೇ ಹಾಕಿದ್ದು. ಗಡಿಗೆ ತೆಗೆದು ನೋಡಿದ್ಯಾ?"

ನೋಡಿರಲಿಲ್ಲ. ಶಾಂತಕ್ಕ ಹೋದ ಮೇಲೆ ಅಡುಗೆಮನೆಗೆ ಹೋಗಿ ಗಡಿಗೆಯ ಬಾಯಿ ಬಿಚ್ಚಿದೆ. ತಳದಲ್ಲಿ ಎರಡು ಉಂಡೆ ಇದ್ದವು. ತಿಂಗಳಿಂದ ಮನೆಯಲ್ಲಿ ಸಾರಿಗೆ ಟೊಮೆಟೊ ಬೀಳುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಮಕ್ಕಳಿಗೆ ಹೇಳುವುದು ಸುಲಭ. ಅವತ್ತೇ ಅತ್ತೆಯ ಮುಂದೆ ಹೋಗಿ ನಿಲ್ಲಬೇಕಿತ್ತು. ಎರಡು ಸಲ ಅವರ ಕೋಣೆಯ ಬಾಗಿಲವರೆಗೂ ಹೋದೆ. ಪೊರಕೆ, ಕಂಬಳಿ ನೆನಪಾಗಿ ವಾಪಸ್ ಬಂದೆ. ತಪ್ಪು ಒಪ್ಪಿಕೊಂಡರೆ ಅವರು ಅದನ್ನು ಜೀವಮಾನವಿಡೀ ಆಡುತ್ತಾರೆ ಅನ್ನುವ ಹೆದರಿಕೆಯೂ ಇತ್ತು. ಟೀಚರುಗಳಿಗೆ ಇರುವ ರೋಗ ಇದು, ತಿದ್ದಲು ಬರುತ್ತದೆ, ತಿದ್ದಿಸಿಕೊಳ್ಳಲು ಬರುವುದಿಲ್ಲ.

ಜೂನ್ ಕೊನೆಯಲ್ಲಿ ಒಂದು ದಿನ ರಜೆ ಹಾಕಿ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಒಬ್ಬಳೇ ಓಡಿಸಿಕೊಂಡು ಹೋದೆ. ಇನ್‌ಸ್ಪೆಕ್ಟರು ದಪ್ಪ ಕನ್ನಡಕದ ಮನುಷ್ಯ. ಬಗ್ಗಿ ಬಾಗಿಲ ತಳವನ್ನು ಹೆಬ್ಬೆರಳಿನಿಂದ ಒತ್ತಿದರು, ಚಕ್ರದ ಮೇಲೆ ಗೆಣ್ಣಿನಿಂದ ಬಡಿದು ನೋಡಿದರು, ಬಾನೆಟ್ಟಿನ ವಿಭೂತಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಯಾವ ಅಂಗಡೀಲಿ ಮಾಡ್ಸಿದ್ರಿ ಮೇಡಂ?"

"ಮನೇಲಿ. ನಾನೇ ಮಾಡಿದ್ದು."

"ಗೊತ್ತಾಗ್ತೈತೆ" ಅಂದರು. ಆಮೇಲೆ, "ಗಟ್ಟ್ಯಾಗೈತೆ, ಅಷ್ಟು ಸಾಕು. ಚೆಂದ ಇಲ್ಲ ಅಂತ ನಾವು ತಿರುಗ್ಸಿ ಕಳ್ಸಲ್ಲ" ಅಂದು ಬರೆದುಕೊಂಡರು.

ಪಾಸಾಯಿತು. ಆರು ವರ್ಷದ ಆ ಬಸ್ಸು, ಗಡಿಯಾರ ನೋಡುವ ಹೆಡ್‌ಮಾಸ್ಟರು, ಗುಜರಿ ಅಂದ ಗಂಡ, ಎಲ್ಲರನ್ನೂ ಗೆದ್ದಿದ್ದೆ. ಚಂದ್ರವಳ್ಳಿ ಕಡೆ ತಿರುಗಿ ಒಂದು ಮರದ ಕೆಳಗೆ ಕಾರು ನಿಲ್ಲಿಸಿ ಒಬ್ಬಳೇ ಬಜ್ಜಿ ತಿಂದೆ. ಗೆದ್ದವಳ ಹೊಟ್ಟೆಗೆ ಬಜ್ಜಿ ಇಳಿಯಲಿಲ್ಲ. ಯಾರಿಗೆ ಹೇಳಲಿ ಅಂತ ಯೋಚಿಸಿದರೆ, ಈ ಕಾರು ಪಾಸಾಗಲಿ ಅಂತ ಬಾಯಿಬಿಟ್ಟು ಅಂದವರು ಇಡೀ ಪ್ರಪಂಚದಲ್ಲಿ ಒಬ್ಬರೇ. ನಾನು ಬೀದಿಯಲ್ಲಿ ಅವರ ಮಾನ ಕಳೆದು ಕೂತಿದ್ದೆ.

ಮನೆಗೆ ಬಂದು, ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದವರ ಮುಂದೆ ನಿಂತು "ಪಾಸಾಯ್ತು ಅತ್ತೆ" ಅಂದೆ. ಅವರ ಕೈ ಒಂದು ಗಳಿಗೆ ನಿಂತಿತು. ಮೊರ ಎತ್ತಿಕೊಂಡು ಒಳಗೆ ಹೋದರು. ಒಳಗೆ ಗೋಡೆಗೆ ಹೇಳಿದ್ದು ನನಗೆ ಕೇಳಿಸಿತು. "ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ. ಈ ಮನ್ಯಾಗೆ ನನ್ನ ಕೈ ಯಾರಿಗೂ ಬೇಡ."

ಅವರ ಅಕ್ಕ ಐಮಂಗಲದಲ್ಲಿದ್ದರು. ನಾನು ಮಾತಿಗೆ ಅಂದದ್ದು ಅಂದುಕೊಂಡೆ. ಶನಿವಾರ ರುದ್ರೇಶ ಬಂದು ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ಭಾನುವಾರ ಬೆಳಿಗ್ಗೆ ಅವರು ಎರಡು ಚೀಲ ಕಟ್ಟಿ ಹೊಸಿಲು ದಾಟಿದರು. ಚೀಲದಲ್ಲಿ ಇದ್ದಬದ್ದ ಸೀರೆ, ಕಂಬಳಿ ಎಲ್ಲ ಇತ್ತು. ಮಗ ಚೀಲಕ್ಕೆ ಕೈ ಹಾಕಿದರೆ ಕೊಡಲಿಲ್ಲ. ನಾನು ಕಾರು ಹೊರಗೆ ತೆಗೆದು, ಅವರ ಪಕ್ಕದಲ್ಲೇ ಮೊದಲ ಗೇರಿನಲ್ಲಿ ನಿಧಾನಕ್ಕೆ ಓಡಿಸುತ್ತ ಬೀದಿಯುದ್ದಕ್ಕೂ ಬಂದೆ. ಸೀಟಿನ ಮೇಲೆ ಹಾಳೆ ಹಾಸಿರಲಿಲ್ಲ.

"ಹತ್ರಿ ಅತ್ತೆ, ಐಮಂಗಲಕ್ಕೆ ನಾನೇ ಬಿಟ್ಟು ಬರ್ತೀನಿ."

"ನಂಗೆ ಬಸ್ಸು ಫ್ರೀ ಐತೆ. ನಿನ್ನ ಕಾರಿನ ಹಂಗು ಯಾಕೆ?"

ಇದು ಎರಡು ತಿಂಗಳಲ್ಲಿ ಗೋಡೆಗಲ್ಲದೆ ನನಗೇ ನೇರವಾಗಿ ಆಡಿದ ಮೊದಲ ಮಾತು. ಐಮಂಗಲಕ್ಕೆ ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರಿನ ಕೆಂಪು ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಅವರು ಸೆರಗಿನಿಂದ ಆಧಾರ್ ಕಾರ್ಡು ಬಿಚ್ಚಿಕೊಳ್ಳುತ್ತ ಹತ್ತಿದರು. ನಾನು ಕಾರನ್ನು ಸಿಕ್ಕಲ್ಲಿ ನಿಲ್ಲಿಸಿ, ಓಡಿ, ಬಸ್ಸು ಹೊರಡುವ ಹೊತ್ತಿಗೆ ಮೆಟ್ಟಿಲು ಹಿಡಿದೆ. ಬಸ್ಸು ತುಂಬಿತ್ತು. ಅವರು ನಡುವಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು, ಪಕ್ಕದ ಜಾಗದಲ್ಲಿ ಎರಡು ಚೀಲ ಇಟ್ಟುಕೊಂಡಿದ್ದರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಬಂದ.

"ಎಲ್ಲಿಗಮ್ಮ, ಇಬ್ರೂ ಒಟ್ಟಿಗಾ?"

"ನಂದು ಹಿರಿಯೂರು, ಒಂದು" ಅಂದರು ಅತ್ತೆ ಕಾರ್ಡು ತೋರಿಸುತ್ತ. "ಈಯಮ್ಮ ಯಾರೋ ಗೊತ್ತಿಲ್ಲ."

ಕಂಡಕ್ಟರ್ ನನ್ನ ಮುಖ ನೋಡಿದ. ಅವನ ಹಿಂದೆ ಕೂತಿದ್ದ ನಾಲ್ಕು ಹೆಂಗಸರೂ ನೋಡಿದರು. ಅದರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ.

"ತಪ್ಪಾಯ್ತು ಅತ್ತೆ" ಅಂದೆ ಬಗ್ಗಿ, ಅವರಿಗಷ್ಟೇ ಕೇಳಿಸುವಂತೆ. "ಕಬ್ಬಿಣ ಬೋಳಾಗಿ ಬಿಟ್ಟು ಹೋಗಿದ್ದು ನಾನು. ನಿಮ್ಮ ಮೇಲೆ ಹಾಕಿದೆ."

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಆವತ್ತು ಬೈದಾಗ ಇಷ್ಟು ಮೆಲ್ಲಕೆ ಬೈದಿದ್ದಾ?"

ಕಂಬಿ ಬಿಗಿಯಾಗಿ ಹಿಡಿದುಕೊಂಡೆ. "ತಪ್ಪಾಯ್ತು! ನಿಮ್ಮದು ಏನೂ ತಪ್ಪಿರಲಿಲ್ಲ, ನನ್ನ ಬಾಯಿ ಕೆಟ್ಟದ್ದು!" ಅಂದೆ, ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡುವಷ್ಟು ಜೋರಾಗಿ. ಅತ್ತೆ ಈಗ ತಲೆ ತಿರುಗಿಸಿದರು. ನನ್ನನ್ನು ನೋಡಲಿಲ್ಲ, ಕತ್ತು ಚಾಚಿ ಹಿಂದಿನ ಸಾಲುಗಳನ್ನು ನೋಡಿದರು.

"ಕೊನೇ ಸೀಟಿನೋರಿಗೆ ಕೇಳಿಸ್ಲಿಲ್ಲ" ಅಂದರು.

ಮತ್ತೆ ಹೇಳಿದೆ.